ಒಂದೇ ದಿನ ಹತ್ತಾರು ಸುಂಟರಗಾಳಿ ಏಳುವುದು ಎಲ್ಲಿ ಜಾಸ್ತಿ?

ಅಮೆರಿಕದ ಟೆಕ್ಸಾಸ್, ಓಕ್ಲಹೋಮ, ಕಾನ್ಸಾಸ್ ಕಡೆಯೇ ಸುಂಟರಗಾಳಿಗಳು ಗುಂಪುಗುಂಪಾಗಿ ಏಳುವುದು ಜಾಸ್ತಿ ಅಲ್ವಾ ಅಂತ ಕೇಳಿದ್ದೀರಿ. ದೇಶ ಸರಿ, ಜಾಗ ಅರ್ಧ ಸರಿ ಅನ್ನುತ್ತೇನೆ.

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ. ಬೇರೆ ಯಾವ ದೇಶವೂ ಇದರ ಹತ್ತಿರ ಸುಳಿಯುವುದಿಲ್ಲ. ಅಲ್ಲಿನ ನೆಲದ ರಚನೆಯೇ ಹಾಗಿದೆ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ, ತೇವದ ಗಾಳಿ ನೆಲಮಟ್ಟದಲ್ಲೇ ಒಳನಾಡಿಗೆ ನುಗ್ಗುತ್ತದೆ. ಪಶ್ಚಿಮದ ಎತ್ತರದ ಪ್ರದೇಶಗಳಿಂದ ಬರುವ ಒಣ ಗಾಳಿ ಅದರ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕೂ ಮೇಲೆ ಜೆಟ್ ಸ್ಟ್ರೀಮ್, ಅಂದ್ರೆ ಬಹಳ ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿಯ ಹೊಳೆ.

ಈ ಒಣ ಗಾಳಿಯ ಪದರ ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಬಿಸಿಲು ಏರುತ್ತಾ ಹೋದರೂ ದೊಡ್ಡ ಮೋಡ ಕಟ್ಟುವುದಿಲ್ಲ, ಕೆಳಗೆ ಸೆಕೆ ಮಾತ್ರ ಕೂಡುತ್ತಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಎಲ್ಲೋ ಒಂದು ಕಡೆ ಪದರ ಒಡೆಯಿತು ಅಂದ್ರೆ ಮೋಡ ನೋಡನೋಡುತ್ತಲೇ ಹತ್ತು ಕಿಲೋಮೀಟರಿಗಿಂತ ಎತ್ತರಕ್ಕೆ ಬೆಳೆಯುತ್ತದೆ. ಕೆಳಗಿನ ಗಾಳಿ ಒಂದು ದಿಕ್ಕಿಗೆ, ಮೇಲಿನದು ಇನ್ನೊಂದು ದಿಕ್ಕಿಗೆ ಜೋರಾಗಿ ಬೀಸುತ್ತಿದ್ದರೆ ಮೋಡವೇ ತಿರುಗತೊಡಗುತ್ತದೆ. ಇದೇ ಸೂಪರ್‌ಸೆಲ್. ಇಂಥ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿ ಹುಟ್ಟಿಸದೆ ಸುಮ್ನೆ ಹೋಗುತ್ತವೆ. ಆದರೆ ಇದೇ ಪರಿಸ್ಥಿತಿ ಒಂದೇ ಸಲ ನಾಲ್ಕೈದು ರಾಜ್ಯಗಳ ಮೇಲೆ ಇದ್ದರೆ, ಸುಂಟರಗಾಳಿಗಳು ಒಂದರ ಹಿಂದೆ ಒಂದು ಏಳುತ್ತಲೇ ಹೋಗುತ್ತವೆ.

ಈಗ ನಿಮ್ಮ ಪ್ರಶ್ನೆಯ ಉಳಿದರ್ಧ. ಒಟ್ಟು ಲೆಕ್ಕದಲ್ಲಿ ಟೆಕ್ಸಾಸ್ ಮುಂದಿದೆ. ಅದು ಅಷ್ಟು ದೊಡ್ಡ ರಾಜ್ಯವೂ ಹೌದು. ಆದರೆ ಅತಿ ದೊಡ್ಡ ಸರಣಿಗಳ ಪೆಟ್ಟು ಬಿದ್ದಿರುವುದು ಅದರ ಪೂರ್ವಕ್ಕೆ: ಮಿಸಿಸಿಪ್ಪಿ, ಅಲಬಾಮ, ಟೆನೆಸಿ, ಕೆಂಟಕಿ ಕಡೆ. 1974ರ ಏಪ್ರಿಲ್ 3 ಮತ್ತು 4ರಂದು 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದವು. 2011ರ ಏಪ್ರಿಲ್ 27ರಂದು ಒಂದೇ ದಿನ 200ಕ್ಕೂ ಹೆಚ್ಚು. ಆ ದಿನ ಸತ್ತವರು 300ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಅಲಬಾಮದವರು.

ನನ್ನ ಮಟ್ಟಿಗೆ ಈ ಭಾಗವೇ ಜಾಸ್ತಿ ಅಪಾಯದ್ದು. ಕಾನ್ಸಾಸ್ ಬಯಲಿನಲ್ಲಿ ಸುಂಟರಗಾಳಿ ದೂರದಿಂದಲೇ ಕಾಣುತ್ತದೆ. ಇಲ್ಲಿ ಕಾಡು, ಗುಡ್ಡ, ಮಳೆಯ ಪರದೆ. ಮೇಲಾಗಿ ರಾತ್ರಿ ಹೊತ್ತು, ಚಳಿಗಾಲದಲ್ಲೂ ಬರುತ್ತವೆ. 2021ರ ಡಿಸೆಂಬರ್ 10ರಂದು ಕೆಂಟಕಿಯ ಮೇಫೀಲ್ಡ್ ಊರನ್ನು ಕೆಡವಿದ್ದು ಕತ್ತಲಾದ ಮೇಲೆ ಬಂದ ಸುಂಟರಗಾಳಿ. ಅದು 250 ಕಿಲೋಮೀಟರಿಗಿಂತ ಜಾಸ್ತಿ ದೂರ ಸಾಗಿತ್ತು. ಕಾರ್ಖಾನೆಯಲ್ಲಿ ಕಟ್ಟಿ ತಂದಿಡುವ, ಗಟ್ಟಿ ಅಡಿಪಾಯ ಇಲ್ಲದ ಮೊಬೈಲ್ ಮನೆಗಳೂ ಈ ರಾಜ್ಯಗಳಲ್ಲಿ ಬಹಳ. ಅಲ್ಲಿ ಎಚ್ಚರಿಕೆಯ ಸೈರನ್ ಕೇಳಿಸಿದರೂ ಅಡಗಲು ಗಟ್ಟಿ ಜಾಗ ಇರುವುದಿಲ್ಲ.

ಅಮೆರಿಕದ ಹೊರಗೂ ಸರಣಿಗಳಿವೆ. 1981ರ ನವೆಂಬರ್ 23ರಂದು ಬ್ರಿಟನ್ನಿನಲ್ಲಿ ನೂರರ ಆಸುಪಾಸು ಎದ್ದಿದ್ದವು, ಬಹುತೇಕ ಸಣ್ಣವು. ಅರ್ಜೆಂಟೀನಾದ ಬಯಲಿನಲ್ಲೂ ಏಳುತ್ತವೆ, 1993ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ದಿನದೊಳಗೆ ನೂರಾರು ಎದ್ದವು ಅನ್ನುತ್ತಾರೆ. ಬಾಂಗ್ಲಾದೇಶದ ಮಾತೇ ಬೇರೆ. ಅಲ್ಲಿ ಸಂಖ್ಯೆ ಕಡಿಮೆ, ಆದರೆ 1989ರ ಏಪ್ರಿಲ್ 26ರಂದು ದೌಲತ್‌ಪುರ, ಸಾಟುರಿಯಾ ಭಾಗದಲ್ಲಿ ಒಂದೇ ಒಂದು ಸುಂಟರಗಾಳಿಗೆ ಸುಮಾರು 1,300 ಜನ ಸತ್ತರು. ಚರಿತ್ರೆಯಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ.