ಬಾತುಕೋಳಿಗೆ ಮೂರೇ ತೋಟಾ

ನಮಸ್ಕಾರ,

ನಿಮ್ಮ 'ಅಮೆರಿಕದ ಬಂದೂಕು ಹುಚ್ಚು' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. 'ಸ್ಥಳಾಭಾವ, ವಿಷಾದಿಸುತ್ತೇವೆ' ಅಂತ ಸುಮ್ನೆ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಮೂರನೇ ಪುಟದಲ್ಲಿ ಬೇರೆಯೇ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ, ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. 'ಅಲ್ಲಿ ಯಾರು ಬೇಕಾದರೂ ಅಂಗಡಿಗೆ ಹೋಗಿ ಆಟೊಮ್ಯಾಟಿಕ್ ಬಂದೂಕು ತರಬಹುದು' ಅಂದಿದ್ದೀರಿ. ಇಲ್ಲ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವುದು ಆಟೊಮ್ಯಾಟಿಕ್. ಅದಕ್ಕೆ 1934ರಿಂದಲೇ ಕಡಿವಾಣ ಇದೆ, 1986ರ ಮೇ ತಿಂಗಳ ನಂತರ ತಯಾರಾದದ್ದನ್ನು ಸಾಮಾನ್ಯ ಜನ ಕೊಳ್ಳುವ ಹಾಗೇ ಇಲ್ಲ. ಜಗಳ ಇರುವುದು ಸೆಮಿ ಆಟೊಮ್ಯಾಟಿಕ್ ಬಗ್ಗೆ. ಒಂದು ಸಲ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ, ಕೈಯಲ್ಲಿ ಬೋಲ್ಟ್ ಎಳೆಯುವ ಕೆಲಸ ಇಲ್ಲ. ಇನ್ನು ಎಆರ್-15 ಅನ್ನುವ ಸೆಮಿ ಆಟೊಮ್ಯಾಟಿಕ್ ರೈಫಲ್ಲಿನ ಹೆಸರಲ್ಲಿರುವ 'ಎಆರ್' ಅಂದರೆ ಅಸಾಲ್ಟ್ ರೈಫಲ್ ಅಲ್ಲ, ಅದನ್ನು ಮೊದಲು ರೂಪಿಸಿದ ಆರ್ಮಲೈಟ್ ಕಂಪನಿಯ ಹೆಸರಿನಿಂದ ಬಂದದ್ದು. ಸಣ್ಣ ವಿಷಯ ಅನ್ನಿಸಬಹುದು. ಆದರೆ ನಿಮ್ಮ ವಾದ ಒಪ್ಪದವನು ಇಲ್ಲೇ ಓದುವುದು ನಿಲ್ಲಿಸುತ್ತಾನೆ, ಒಪ್ಪುವವನಿಗೆ ನಿಮ್ಮ ಲೇಖನ ಬೇಕಾಗೇ ಇಲ್ಲ, ಅಲ್ವಾ?

'1994ರಲ್ಲಿ ನಿಷೇಧ ತಂದರು, ಲಾಬಿಯವರು ಅದನ್ನು ಕೊಂದರು' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ, ಕತೆ ಇರುವುದೇ ಅಲ್ಲಿ! ಕೆಲವು ಬಗೆಯ ಸೆಮಿ ಆಟೊಮ್ಯಾಟಿಕ್ ಬಂದೂಕುಗಳನ್ನು ತಡೆದ ಆ ಕಾನೂನಿಗೆ ಹುಟ್ಟುವಾಗಲೇ ಹತ್ತು ವರ್ಷದ ಆಯುಸ್ಸು ಬರೆದಿದ್ದರು. 2004ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು, ಅಲ್ಲಿನ ಸಂಸತ್ತು ಮುಂದುವರಿಸಲಿಲ್ಲ. ಬದುಕಿದ್ದಾಗಲೂ ಅದು ಕೆಲವು ಬಂದೂಕುಗಳನ್ನು ಹೆಸರು ಹಿಡಿದು ನಿಷೇಧಿಸಿ, ಉಳಿದವನ್ನು ಮೈಲಕ್ಷಣ ನೋಡಿ ಅಳೆಯುತ್ತಿತ್ತು. ಮ್ಯಾಗಝೀನ್ (ತೋಟಾ ತುಂಬಿಡುವ ಡಬ್ಬಿ) ಕಳಚಿ ಹಾಕುವಂಥ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಭಾಗ, ನಳಿಗೆಯ ತುದಿಗೆ ಬಯೊನೆಟ್ ಚೂರಿ ಸಿಕ್ಕಿಸುವ ಜಾಗ, ಇಂಥವುಗಳಲ್ಲಿ ಎರಡು ಇದ್ದರೆ ನಿಷಿದ್ಧ. ಕಂಪನಿಗಳು ಬಯೊನೆಟ್ಟಿನ ಜಾಗ ತೆಗೆದು, ಹೆಸರು ಬದಲಿಸಿ, ಹೆಚ್ಚು ಕಡಿಮೆ ಅದೇ ರೈಫಲ್ ಮಾರಿದವು. ಜನರ ಹತ್ತಿರ ಮೊದಲೇ ಇದ್ದವು ಹಾಗೇ ಉಳಿದವು. ಹತ್ತಕ್ಕಿಂತ ಜಾಸ್ತಿ ತೋಟಾ ಹಿಡಿಯುವ ಹೊಸ ಮ್ಯಾಗಝೀನ್ ಬೇಡ ಅಂದದ್ದೊಂದೇ ಅದರಲ್ಲಿ ಗಟ್ಟಿ ಭಾಗ ಅಂತ ನನ್ನ ಅನಿಸಿಕೆ, ನೀವು ಅದನ್ನು ಹೇಳಿಯೇ ಇಲ್ಲ.

ಮ್ಯಾಗಝೀನ್ ಅಂದಾಗ ನೆನಪಾಯಿತು. ಅಲ್ಲಿ ವಲಸೆ ಬಾತುಕೋಳಿ ಹೊಡೆಯುವವನ ಶಾಟ್‌ಗನ್ನಿನಲ್ಲಿ ಒಟ್ಟು ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು, ಒಳಗೆ ಬೆಣೆ ಇಟ್ಟು ಜಾಗ ಮುಚ್ಚಿರಬೇಕು. ಇದು 1930ರ ದಶಕದಿಂದ ಇಡೀ ದೇಶಕ್ಕೆ ಇರುವ ನಿಯಮ, ಹಕ್ಕಿ ಉಳಿಯಲಿ ಅಂತ. ಅದೇ ದೇಶದ ಬಹುಪಾಲು ರಾಜ್ಯಗಳಲ್ಲಿ ಎಆರ್-15ಕ್ಕೆ ಮೂವತ್ತು ತೋಟಾದ ಮ್ಯಾಗಝೀನ್ ಮಾಮೂಲಿ. ಇಷ್ಟು ಬರೆದಿದ್ದರೆ ಸಾಕಿತ್ತು. 'ರಕ್ತಪಿಪಾಸು ಸಂಸ್ಕೃತಿ', 'ಮಾನವೀಯತೆಯ ಮರಣಮೃದಂಗ' ಎಲ್ಲ ಹೊಡೆದು ಹಾಕಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

'ನ್ಯೂಜಿಲೆಂಡ್ ಬಂದೂಕನ್ನೇ ನಿಷೇಧಿಸಿತು' ಅನ್ನುವುದೂ ತಪ್ಪು. ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರ ಜೀವ ತೆಗೆದ ಗುಂಡಿನ ದಾಳಿ ಆದ ಮೇಲೆ, 2019ರಲ್ಲಿ, ಒಂದೇ ತಿಂಗಳೊಳಗೆ ಹೆಚ್ಚಿನ ಸೆಮಿ ಆಟೊಮ್ಯಾಟಿಕ್‌ಗಳನ್ನು ನಿಷೇಧಿಸಿದರು ನಿಜ. ಆದರೆ ರೈತರು, ಬೇಟೆಗಾರರು ಬಳಸುವ ಸಣ್ಣ .22 ರೈಫಲ್, ಐದು ತೋಟಾದ ಶಾಟ್‌ಗನ್ ಇಟ್ಟುಕೊಳ್ಳಲು ಬಿಟ್ಟರು.

ಈಗ ಬೇಟೆಗಾರರ ವಿಷಯ. 'ಬೇಟೆಗಾರರೆಲ್ಲ ಈ ಕೊಲೆಯಂತ್ರಗಳ ಬೆನ್ನಿಗೆ ನಿಂತಿದ್ದಾರೆ' ಅಂತ ಬರೆದಿದ್ದೀರಿ, ಅದೂ ಪೆನ್ಸಿಲ್ವೇನಿಯಾದಲ್ಲಿ ಕೂತು! ನಿಮ್ಮ ರಾಜ್ಯದಲ್ಲೇ 2016ರಲ್ಲಿ ಶಾಸನಸಭೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸಲು ಅನುಮತಿ ಕೊಡುವ ಅಧಿಕಾರವನ್ನು ಬೇಟೆ ಆಯೋಗಕ್ಕೆ ಕೊಟ್ಟಿತು. ಮರುವರ್ಷ ಆಯೋಗ ಸಣ್ಣ ಪ್ರಾಣಿಗಳಿಗೆ ಒಪ್ಪಿತು, ಜಿಂಕೆಗೆ ಒಪ್ಪಲಿಲ್ಲ. ಅಡ್ಡ ಬಂದವರು ಯಾರು ಅಂದುಕೊಂಡಿರಿ? ಬೇಟೆಗಾರರೇ ಜಾಸ್ತಿ. ಇನ್ನೊಂದು ಕಡೆ, 2007ರಲ್ಲಿ ಜಿಮ್ ಜಂಬೊ ಅನ್ನುವ ಹೆಸರಾಂತ ಬೇಟೆ ಲೇಖಕರು ಇಂಥ ರೈಫಲ್ಲುಗಳಿಗೆ ಬೇಟೆಯಲ್ಲಿ ಜಾಗ ಇಲ್ಲ ಅಂತ ಖಾರವಾಗಿ ಬರೆದರು. ಕೆಲವೇ ದಿನಗಳಲ್ಲಿ ಅಂಕಣ, ಟಿವಿ ಕಾರ್ಯಕ್ರಮ, ಪ್ರಾಯೋಜಕರು ಎಲ್ಲ ಹೋಯಿತು, ಕ್ಷಮೆ ಕೇಳಿದರೂ ಪ್ರಯೋಜನ ಆಗಲಿಲ್ಲ. ಅವರ ಮೇಲೆ ಮುಗಿಬಿದ್ದವರಲ್ಲೂ ಬೇಟೆಗಾರರಿದ್ದರು. ಇವತ್ತು ಎಆರ್ ನಿಷೇಧ ಒಪ್ಪಿಕೊಂಡರೆ ನಾಳೆ ಬಾತುಕೋಳಿ ಹೊಡೆಯುವ ನಮ್ಮ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನಿಗೂ ಕೈ ಹಾಕುತ್ತಾರೆ ಅನ್ನುವುದು ಅವರ ಭಯ. ಅದು ಸರಿಯೋ ತಪ್ಪೋ, ಅದನ್ನು ಹೇಳದೆ ಈ ಚರ್ಚೆ ಬರೆಯಲು ಬರುವುದಿಲ್ಲ.

ಅಂದ ಹಾಗೆ, ಅಲ್ಲಿ ಗುಂಡೇಟಿನ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಕೊಲೆಗಳಲ್ಲೂ ಹೆಚ್ಚಿನವು ಆಗುವುದು ಪಿಸ್ತೂಲಿನಿಂದ. ರೈಫಲ್ಲಿನ ಬಗ್ಗೆ ಬರೆಯುವವರು ಇದನ್ನು ಮುಚ್ಚಿಡಬಾರದು.

ಸರಿ, ಮೂರನೇ ಪುಟ. ಕೊಡಗಿನ ನಿಮ್ಮ ಅಜ್ಜನ ಜೋಡುನಳಿಗೆ ಕೋವಿ, ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿನ ಬೆಳಿಗ್ಗೆ ಅದರ ಬಾಯಿಗೆ ಕೋವಿ ಹೂವು ಅಂದರೆ ತೋಕ್‌ಪೂ ಸಿಕ್ಕಿಸುತ್ತಿದ್ದದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಕಾಡಿಗೆ ಹೋಗದ ಆ ಕೋವಿಗೆ ಅವರು ವರ್ಷಾ ವರ್ಷಾ ಎಣ್ಣೆ ಹಾಕುತ್ತಿದ್ದದ್ದು. ಎಷ್ಟು ಚೆನ್ನಾಗಿದೆ! ಒಂದು ವಿಶೇಷಣ ಇಲ್ಲ. ಆಮೇಲೆ ಎಲ್ಲ ಕೆಡಿಸಿದ್ದೀರಿ: 'ನಮ್ಮ ಕೋವಿ ಸಂಸ್ಕೃತಿ, ಅವರದು ಹುಚ್ಚು.' ಹೌದಾ? ನಿಮ್ಮಂಥ ಕೊಡವ ಮನೆತನಗಳಿಗೆ ಕೋವಿ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು, ಅದನ್ನು ಪ್ರಶ್ನಿಸಿದವರು ಹೈಕೋರ್ಟಿಗೂ ಹೋದರು. ಆಗ ಕೊಡಗಿನವರು ಏನು ವಾದ ಮಾಡಿದರೋ, ಜಿಂಕೆ ಬೇಟೆಯ ಮೊದಲ ದಿನ ರಜೆ ಹಾಕುವ ನಿಮ್ಮ ಸಹೋದ್ಯೋಗಿಯೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತಾರೆ. ನಮ್ಮ ತಾತನ ಕಾಲದಿಂದ ಬಂದದ್ದು, ನಾವು ಯಾರಿಗೂ ತೊಂದರೆ ಕೊಟ್ಟಿಲ್ಲ ಅಂತ. ಇಬ್ಬರ ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ, ಎರಡು ನಳಿಗೆಗೂ ಮೂವತ್ತು ತೋಟಾಕ್ಕೂ ಏನು ವ್ಯತ್ಯಾಸ, ಇದನ್ನು ಕೊಡಗಿನ ಮನೆಯಲ್ಲಿ ಬೆಳೆದು ಪೆನ್ಸಿಲ್ವೇನಿಯಾದಲ್ಲಿ ದುಡಿಯುವ ನೀವು ಬರೆಯಬಹುದು, ಬೆಂಗಳೂರಿನಲ್ಲಿ ಕೂತ ನಾನು ಬರೆಯಲಾರೆ.

ಮೊದಲ ಎರಡು ಪುಟ ಬಿಸಾಕಿ. ಅಜ್ಜನಿಂದ ಶುರು ಮಾಡಿ. ಸಾವಿರದ ಇನ್ನೂರು ಪದ ದಾಟಬೇಡಿ. ಮತ್ತೆ, ಆ ಸಹೋದ್ಯೋಗಿ ಲೇಖನದಲ್ಲಿ ಒಂದೇ ಒಂದು ಮಾತೂ ಆಡುವುದಿಲ್ಲ. ಅವರು ಯಾವ ಕೋವಿ ತಗೊಂಡು ಹೋಗುತ್ತಾರೆ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ?