ಲೆನ್ಸ್ ಮಾರುವ ಮೊದಲು ಶಟರ್ ವೇಗ ನೋಡಿ: ರಂಗನತಿಟ್ಟಿನ ಮಿಂಚುಳ್ಳಿ ಚಿತ್ರಕ್ಕೆ ಉತ್ತರ

ರಂಗನತಿಟ್ಟಿನ ದೋಣಿಯಿಂದ ತೆಗೆದ ಕಪ್ಪು-ಬಿಳಿ ಮಿಂಚುಳ್ಳಿಯ ಚಿತ್ರ ಹಾಕಿ, 600 ಎಂಎಂ ಜೂಮಿನಲ್ಲಿ ಈ ಲೆನ್ಸ್ ಮಸುಕು, ಮಾರಿಬಿಡುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಮಾರಬೇಡಿ ಸರ್. ಮೂರು ವರ್ಷಗಳ ಹಿಂದೆ ಇದೇ ಕಾರಣ ಹೇಳಿಕೊಂಡು ನಾನೊಂದು ಒಳ್ಳೆಯ ಲೆನ್ಸನ್ನು ನಷ್ಟಕ್ಕೆ ಮಾರಿದೆ. ಕೊಂಡವರು ಮರುತಿಂಗಳೇ ಅದರಲ್ಲಿ ತೆಗೆದ ಕಳ್ಳಿಪೀರದ ಚಿತ್ರ ಕಳಿಸಿದರು. ಕೊಕ್ಕಿನಲ್ಲಿದ್ದ ಜೇನುನೊಣದ ರೆಕ್ಕೆಯ ನರಗಳನ್ನು ಎಣಿಸಬಹುದಿತ್ತು. ಅಂದು ನನಗಾದ ಸಂಕಟ ನಿಮಗಾಗಬಾರದೆಂದು ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿದೆ. ಹಕ್ಕಿಯ ಕಣ್ಣಿನೊಳಗಿನ ಬೆಳಕು ಚುಕ್ಕಿಯಾಗಿ ಉಳಿಯದೆ ಓರೆಯಾದ ಸಣ್ಣ ಗೆರೆಯಾಗಿದೆ. ಅದು ಕೂತಿರುವ ಒಣಕೊಂಬೆಯ ಬಿರುಕುಗಳೂ ಅದೇ ಓರೆಯಲ್ಲಿ ಎಳೆದಂತಿವೆ. ಎರಡೂ ಒಂದೇ ದಿಕ್ಕಿಗೆ ಎಳೆದಿದ್ದರೆ ಅಲುಗಿದ್ದು ಕ್ಯಾಮೆರಾ. ಕೊಂಬೆ ಸ್ಪಷ್ಟವಾಗಿದ್ದು ತಲೆ ಮಾತ್ರ ಕದಡಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿ ಮಸುಕಾಗಿ ಅದರ ಮುಂದಿನದೋ ಹಿಂದಿನದೋ ಎಲೆ ಚೂಪಾಗಿ ಬಂದಿದ್ದರೆ ಆಗ ಫೋಕಸ್ಸಿನ ಮೇಲೆ ಅನುಮಾನ ಪಡಬೇಕು. ಲೆನ್ಸಿನ ಮೇಲೆ ತಪ್ಪು ಹೊರಿಸುವುದು ಇವೆಲ್ಲವನ್ನೂ ನೋಡಿ ಮುಗಿಸಿದ ಮೇಲೆ.

ನೀವು ಕೊಟ್ಟ ವಿವರ: ಶಟರ್ 1/400 ಸೆಕೆಂಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 6.3, ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 200. ಕ್ರಾಪ್ ಬಾಡಿಯಲ್ಲಿ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ, 600 ಎಂದರೆ 900ರ ನೋಟ. ಲೆನ್ಸಿನ ನೋಟ ಎಷ್ಟೋ ಶಟರ್ ವೇಗ ಕನಿಷ್ಠ ಅದರಲ್ಲೊಂದು ಪಾಲು ಎಂಬ ಹಳೆಯ ಲೆಕ್ಕದಂತೆ ಗಟ್ಟಿ ನೆಲದ ಮೇಲೆ ನಿಂತರೂ 1/900 ಬೇಕು, ಇನ್ನು ಅಕ್ಕಪಕ್ಕದವರು ಎದ್ದು ಕೂತು ಮಾಡುವ ದೋಣಿಯಲ್ಲಿ ಅದೂ ಸಾಲದು. ವಿಆರ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಇದೆಯಲ್ಲ ಎಂದು ಕೇಳಿದ್ದೀರಿ. ಅದು ಕೈನಡುಕವನ್ನು ತಗ್ಗಿಸುತ್ತದೆ, ದೋಣಿಯ ಹೊಯ್ದಾಟವನ್ನು ಪೂರ್ತಿ ನುಂಗುವುದಿಲ್ಲ, ಮಿಂಚುಳ್ಳಿ ಕತ್ತು ಕೊಂಕಿಸುವುದನ್ನಂತೂ ತಡೆಯುವುದೇ ಇಲ್ಲ. 1/1600ಕ್ಕೆ ಹೋಗಿದ್ದರೆ ಎರಡು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪಿಗೆ ಬೆಳಕು ಅರ್ಧವಾಗುತ್ತದೆ), ಐಎಸ್ಒ 800 ಆಗುತ್ತಿತ್ತು, ಅಷ್ಟೇ. ಐಎಸ್ಒ ಏರಿಸಿದರೆ ಚಿತ್ರ ಕೆಡುತ್ತದೆಂಬ ಭಯವನ್ನು ಹೊಸಬರಲ್ಲಿ ತುಂಬುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ನಾಯ್ಸನ್ನು (ಚಿತ್ರದಲ್ಲಿ ಕಾಣುವ ಕಾಳುಕಾಳನ್ನು) ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ತೊಳೆದುಕೊಡುತ್ತವೆ, ಎಳೆದುಹೋದ ಗರಿಯ ಎಳೆಗಳನ್ನು ಅವು ಮರಳಿಸಲಾರವು.

ನನ್ನ ಕ್ರಮ ಹೀಗಿದೆ: ಮ್ಯಾನ್ಯುಯಲ್ ಮೋಡಿನಲ್ಲಿ ಅಪರ್ಚರ್, ಶಟರ್ ಎರಡನ್ನೂ ನಾನೇ ಇಟ್ಟು, ಆಟೋ ಐಎಸ್ಒಗೆ 3200ರ ಮಿತಿ ಹಾಕುತ್ತೇನೆ. ಕೂತ ಹಕ್ಕಿಗೆ 1/1600, ನೀರಿನ ಮೇಲೆ ಹಾಯುವ ರೀವ ಹಕ್ಕಿಗೆ 1/2500 ಅಥವಾ 1/3200. ಆದರೆ ಕಪ್ಪು ನೆರಳಿನ ಮುಂದೆ ಬೆಳ್ಳಕ್ಕಿ ಕೂತಿದ್ದರೆ ಆಟೋ ಐಎಸ್ಒ ಮೋಸಹೋಗಿ ಗರಿಗಳೆಲ್ಲ ಬರೀ ಬಿಳಿಯಾಗುತ್ತವೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು (ಚಿತ್ರದ ಬೆಳಕು ಏರಿಸಿ ಇಳಿಸುವ ಹೊಂದಿಕೆ) ಮುಕ್ಕಾಲು ಸ್ಟಾಪಿನಷ್ಟಾದರೂ ಇಳಿಸಿಕೊಳ್ಳಬೇಕು. ಸೂರ್ಯ ಹುಟ್ಟುವ ಮೊದಲು, ಮರಕ್ಕೆ ಒರಗಿ ನಿಂತು, ಕದಲದ ರಾತ್ರಿಬಕವನ್ನು 1/500ರಲ್ಲೂ ತೆಗೆಯಬಹುದು, ಹತ್ತು ಫ್ರೇಮಿನಲ್ಲಿ ಒಂದೆರಡು ಉಳಿದರೆ ಸಾಕು ಎಂಬ ತಯಾರಿಯಿದ್ದರೆ.

ಹಿಡಿಯುವ ರೀತಿಯನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಟ್ರೈಪಾಡಿಗೆ ಕೂರಿಸಲು ಲೆನ್ಸಿಗಿರುವ ಕಾಲರಿನ ಪಾದವನ್ನು ಮೇಲಕ್ಕೆ ತಿರುಗಿಸಿಬಿಡಿ, ಆಗ ಎಡ ಅಂಗೈ ಕೊಳವೆಯ ಕೆಳಗೆ ಸಪಾಟಾಗಿ ಕೂರುತ್ತದೆ. ಅಂಗೈ ಆದಷ್ಟು ಹುಡ್ ಕಡೆಗಿರಲಿ, ಎರಡೂ ಮೊಣಕೈ ಪಕ್ಕೆಗೆ ಅಂಟಿರಲಿ, ಹುಬ್ಬು ವ್ಯೂಫೈಂಡರಿಗೆ ಒತ್ತಿರಲಿ. ಅರ್ಧ ಉಸಿರು ಬಿಟ್ಟು ಬಟನ್ ಒತ್ತಿ. ಬರ್ಸ್ಟಿನಲ್ಲಿ (ಒಂದೇ ಒತ್ತಿಗೆ ಸಾಲಾಗಿ ತೆಗೆಯುವಾಗ) ಮೊದಲ ಫ್ರೇಮು ಬೆರಳಿನ ಒತ್ತಡಕ್ಕೆ ಅದುರಿರುವುದೇ ಹೆಚ್ಚು, ಮೂರನೆಯದೋ ನಾಲ್ಕನೆಯದೋ ಚೆನ್ನಾಗಿ ಬರುತ್ತದೆ. ದೋಣಿಯಲ್ಲಿ ಲೆನ್ಸನ್ನು ಅಂಚಿನ ಮೇಲೆ ಇಡಬಾರದು, ಹುಟ್ಟಿನ ಪ್ರತಿ ಎಳೆತವೂ ಕ್ಯಾಮೆರಾಕ್ಕೆ ಇಳಿಯುತ್ತದೆ. ಕೂತು, ಮೊಣಕೈಯನ್ನು ಮಂಡಿಗೆ ಊರಿ, ಅಂಬಿಗರು ಹುಟ್ಟು ಎತ್ತಿ ಹಿಡಿದ ಆ ಎರಡು ಕ್ಷಣಗಳಲ್ಲಿ ತೆಗೆಯಿರಿ. ಮೊದಲೇ ಕೇಳಿಕೊಂಡರೆ ಅವರು ದೋಣಿಯನ್ನು ತುಸು ನಿಲ್ಲಿಸಿಯೂ ಕೊಡುತ್ತಾರೆ.

ತೂಕದ ಮಾತನ್ನೂ ಹೇಳಬೇಕು. ನಿಕಾನ್ 200-500 ಸುಮಾರು 2.3 ಕೆಜಿ, ಅದನ್ನು ಕಣ್ಣಿಗೆ ಹಿಡಿದುಕೊಂಡೇ ಕಾದರೆ ಐದು ನಿಮಿಷಕ್ಕೆ ತೋಳು ನಡುಗುತ್ತದೆ, ಹಕ್ಕಿ ಬರುವವರೆಗೆ ಮಡಿಲಲ್ಲಿಟ್ಟುಕೊಳ್ಳಿ. ಸಿಗ್ಮಾ 150-600ರ ಎರಡು ಮಾದರಿಗಳಾದ ಕಂಟೆಂಪರರಿ, ಸ್ಪೋರ್ಟ್‌ಗಳಲ್ಲಿ ಕೈಯಲ್ಲಿ ಹಿಡಿಯುವವರಿಗೆ ಕಂಟೆಂಪರರಿಯೇ ಸರಿ. ಸ್ಪೋರ್ಟ್ ಅದಕ್ಕಿಂತ ಹೆಚ್ಚುಕಡಿಮೆ ಒಂದು ಕೆಜಿ ಭಾರ, ಅದರ ಗಟ್ಟಿತನದ ಲಾಭ ನಡುಗುವ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹತ್ತಿರದ ಹಕ್ಕಿಯಾದರೆ ಇನ್ನೊಂದು ತೊಂದರೆ. ಐದು ಮೀಟರ್ ದೂರದಲ್ಲಿ, 600ರಲ್ಲಿ, ಎಫ್ 6.3ಕ್ಕೆ ಸ್ಪಷ್ಟವಾಗಿ ಬರುವ ಆಳ ಎರಡು ಸೆಂಟಿಮೀಟರಿಗೂ ಕಡಿಮೆ. ಪಿಕಳಾರದ ಎದೆಗೆ ಫೋಕಸ್ ಕೂತರೆ ಕಣ್ಣು ಹೋಯಿತು; ಎಫ್ 8ಕ್ಕೆ ಇಳಿದು ಒಂದೇ ಪಾಯಿಂಟನ್ನು ಕಣ್ಣಿನ ಮೇಲೆ ಇಡಿ. ದೂರದ ಹಕ್ಕಿಗೆ ಬಿಸಿಲೇರಿದ ಮೇಲೆ ಬಂಡೆಗಳಿಂದ ಏಳುವ ಬಿಸಿಗಾಳಿ ಅಡ್ಡ ಬರುತ್ತದೆ, ಯಾವ ಶಟರ್ ವೇಗವೂ ಅದಕ್ಕೆ ಮದ್ದಲ್ಲ. ಎಸಿ ಕಾರಿನಿಂದ ಇಳಿದ ತಕ್ಷಣ ಗಾಜು ಮಂಜುಗಟ್ಟುತ್ತದೆ, ಚೀಲದಲ್ಲೇ ಇಪ್ಪತ್ತು ನಿಮಿಷ ಬಿಡಿ. ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಇಂದೇ ಬಿಚ್ಚಿ. ಹತ್ತಿರ ಹೋಗುವುದೇ ಪರಿಹಾರವೆಂದು ಗೂಡಿನ ಬಳಿ ಮಾತ್ರ ಖಂಡಿತ ಹೋಗಬೇಡಿ.

ಇಷ್ಟಾಗಿಯೂ ಲೆನ್ಸಿನ ಮೇಲೆ ಅನುಮಾನ ಉಳಿದರೆ, ಬೆಳಿಗ್ಗೆ ತಾರಸಿಯಲ್ಲಿ ಅದನ್ನು ಅಕ್ಕಿ ತುಂಬಿದ ಚೀಲದ ಮೇಲೆ ಕೂರಿಸಿ, ವಿಆರ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಹತ್ತು ಮೀಟರ್ ದೂರದ ಗೋಡೆಗೆ ಅಂಟಿಸಿದ ದಿನಪತ್ರಿಕೆಯನ್ನು 600ರಲ್ಲಿ ತೆಗೆಯಿರಿ. ಸಣ್ಣಕ್ಷರ ಓದಲು ಬಂದರೆ ಲೆನ್ಸ್ ಸರಿಯಾಗಿದೆ. ಕ್ರಾಪ್ ಮಾಡದ ಆ ಚಿತ್ರವನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.