ಕಲಬುರಗಿಯ ಬಿಸಿಲಿನಲ್ಲಿ ವೈನ್ ಬೇಡ, ಶುಂಠಿ ಸೋಡಾದಿಂದ ಶುರು ಮಾಡಿ

‘ಇಪ್ಪತ್ತು ಲೀಟರಿನ ಕ್ಯಾನ್ ತಂದಿಟ್ಟಿದ್ದೇನೆ, ಮಾರುಕಟ್ಟೆಯಲ್ಲಿ ದ್ರಾಕ್ಷಿಯೂ ಅಗ್ಗವಾಗಿದೆ. ಕಲಬುರಗಿಯಲ್ಲಿ ಮನೆಯಲ್ಲೇ ವೈನ್, ಬಿಯರ್ ಮಾಡುವುದನ್ನು ಎಲ್ಲಿಂದ ಶುರು ಮಾಡಲಿ?’ ಎಂದು ಕೇಳಿದ್ದೀರಿ. ಸದ್ಯಕ್ಕೆ ಆ ಕ್ಯಾನಿನಲ್ಲಿ ಕುಡಿಯುವ ನೀರನ್ನೇ ತುಂಬಿಸಿಡಿ.

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ‘ಮಾರುವುದಿಲ್ಲ, ನಾನೊಬ್ಬನೇ ಕುಡಿಯುತ್ತೇನೆ’ ಎಂದರೆ ಬಿಡುವುದಿಲ್ಲ. ನೀವು ನೋಡಿರುವ ವಿಡಿಯೊಗಳು ಬಹುಶಃ ಹೊರದೇಶದವು. ನಾನು ಕಲಿತದ್ದೂ ಹೊರಗೇ. ಕೆಲಸದ ಮೇಲೆ ನಾಲ್ಕು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಲೈಸೆನ್ಸ್ ಬೇಕಿಲ್ಲ. ನಾಲ್ಕೂವರೆ ಲೀಟರಿನ ಗಾಜಿನ ಬುದ್ದಲಿಯಲ್ಲಿ ದ್ರಾಕ್ಷಿರಸ ತುಂಬಿ, ಯೀಸ್ಟ್ (ಸಕ್ಕರೆ ತಿಂದು ಆಲ್ಕೋಹಾಲ್, ಅನಿಲ ಬಿಡುವ ಸೂಕ್ಷ್ಮಜೀವಿ) ಹಾಕಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದೆ. ನೀರಿನ ಸಾಂದ್ರತೆ 1 ಎಂದು ಹಿಡಿದು, ರಸದ ಸಾಂದ್ರತೆ 1.085ರಿಂದ 0.995ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ 12 ಆಯಿತೆಂದು ಲೆಕ್ಕ. ನಾನು ಮಾಡಿದ್ದು ಇಷ್ಟೇ, ಉಳಿದದ್ದೆಲ್ಲ ಆ ಊರಿನ ಚಳಿಯ ಪುಣ್ಯ. ಗೂಡಿನಲ್ಲಿ ಸದಾ 18ರಿಂದ 20 ಡಿಗ್ರಿ ಇರುತ್ತಿತ್ತು.

ನಮ್ಮಲ್ಲಿ ದ್ರಾಕ್ಷಿ ಅಗ್ಗವಾಗುವ ಹೊತ್ತಿಗೇ ಬಿಸಿಲೂ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಶಹಾಬಾದ್ ಕಲ್ಲಿನ ನೆಲವೂ ರಾತ್ರಿಯವರೆಗೆ ಬೆಚ್ಚಗಿರುತ್ತದೆ. ಆ ಸೆಕೆಯಲ್ಲಿ ಯೀಸ್ಟ್ ಮೊದಲು ಹುಚ್ಚೆದ್ದು ಕೆಲಸ ಮಾಡುತ್ತದೆ, ಆಮೇಲೆ ಸುಸ್ತಾಗಿ ಉಗುರುಬಣ್ಣದಂಥ ವಾಸನೆ ಬಿಡುತ್ತದೆ. ಗಾಳಿ ಸೋಕಿದರೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳು ಬಂದು ಕೂರುತ್ತವೆ. ಬೆಳಿಗ್ಗೆ ಇಳಿಸಿದ ಸೇಂದಿ ಸಂಜೆಗೆ ಹುಳಿಯಾಗುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಹಾಗಾಗಿ ಶುಂಠಿ ಸೋಡಾ ಮಾಡಿ. ಅದೂ ದೀಪಾವಳಿಯ ನಂತರ. ತೊಳೆದ ಹಸಿ ಶುಂಠಿಯನ್ನು ಸಿಪ್ಪೆಸಮೇತ ತುರಿಯಿರಿ, ಕಾಡು ಯೀಸ್ಟ್ ಇರುವುದು ಸಿಪ್ಪೆಯಲ್ಲೇ. ಎರಡು ಲೋಟ ನೀರಿಗೆ ಒಂದು ದೊಡ್ಡ ಚಮಚ ತುರಿ, ಒಂದು ಚಮಚ ಸಕ್ಕರೆ ಹಾಕಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ. ದಿನವೂ ತುರಿ, ಸಕ್ಕರೆ ಅಷ್ಟಷ್ಟೇ ಸೇರಿಸಿ ಕಲಕಿ. ನಲ್ಲಿಯ ನೀರಾದರೆ ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿಡಿ, ಕ್ಲೋರಿನ್ ಹೋಗಲಿ. ನಾಲ್ಕೈದು ದಿನಕ್ಕೆ ನೊರೆ ಬರುತ್ತದೆ. ಶುಂಠಿ, ಸಕ್ಕರೆ ಕುದಿಸಿದ ಎರಡು ಲೀಟರ್ ನೀರು ಪೂರ್ತಿ ಆರಿದ ಮೇಲೆ ನಿಂಬೆರಸ ಹಿಂಡಿ, ನೊರೆನೀರನ್ನು ಅರ್ಧ ಲೋಟ ಸೋಸಿ ಬೆರೆಸಿ. ಬಿಸಿಯಿರುವಾಗಲೇ ಸುರಿದರೆ ಯೀಸ್ಟ್ ಸತ್ತೇಹೋಗುತ್ತದೆ.

ತುಂಬುವುದು ಪ್ಲಾಸ್ಟಿಕ್ ಸೋಡಾ ಬಾಟಲಿಗೆ ಮಾತ್ರ, ಮೇಲೆ ಮೂರು ಬೆರಳು ಜಾಗ ಬಿಟ್ಟು. ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಚಂದ ಕಾಣಲೆಂದು ಗಾಜಿನ ಬಾಟಲಿಗೆ ತುಂಬಿ, ಎರಡು ದಿನ ಮದುವೆಗೆಂದು ಬೀದರಕ್ಕೆ ಹೋದೆ. ಬಂದು ನೋಡಿದರೆ ಅಡುಗೆಮನೆಯ ಗೋಡೆಗೆಲ್ಲ ಶುಂಠಿ, ಅಕ್ಕಿ ಡಬ್ಬಿಯೊಳಗೆ ಗಾಜಿನ ಚೂರು. ಐದು ಕಿಲೋ ಅಕ್ಕಿ ಚೆಲ್ಲಬೇಕಾಯಿತು. ಮನೆಯಾಕೆ ಇಂದಿಗೂ ಅದನ್ನು ‘ನಿಮ್ಮ ಬಾಂಬು’ ಎನ್ನುತ್ತಾಳೆ. ಆಮೇಲೆ ಕುಳಿತು ಲೆಕ್ಕ ಹಾಕಿದೆ. ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಬಿಯರಿನ ನೊರೆಗೆ ಎರಡೂವರೆ ಲೀಟರ್ ಸಾಕು, ಅಂದರೆ ಹತ್ತು ಗ್ರಾಂ. ನಾನು ಎಂಬತ್ತು ಗ್ರಾಂ ಹಾಕಿದ್ದೆ! ಪ್ಲಾಸ್ಟಿಕ್ ಬಾಟಲಿಯಾದರೆ ಒತ್ತಿ ನೋಡಬಹುದು: ಕಲ್ಲಿನಂತೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಎರಡು ಮೂರು ದಿನದಲ್ಲಿ ಕುಡಿದು ಮುಗಿಸಿ. ಹೊರಗೆ ಹೆಚ್ಚು ದಿನ ಇಟ್ಟಷ್ಟೂ ಆಲ್ಕೋಹಾಲ್ ಏರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಸೆಕೆ ಹೆಚ್ಚಾದರೆ ಅಗಲ ಬೋಗುಣಿಯಲ್ಲಿ ನೀರು ಹಾಕಿ ಬಾಟಲಿ ನಿಲ್ಲಿಸಿ, ಒದ್ದೆ ಗೋಣಿ ಸುತ್ತಿ. ನಮ್ಮ ಒಣ ಗಾಳಿಗೆ ಅದು ಚೆನ್ನಾಗಿ ತಣ್ಣಗಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಯಾವುದನ್ನೂ ಭಟ್ಟಿ ಇಳಿಸಲು ಹೋಗಬೇಡಿ. ಕಳ್ಳಭಟ್ಟಿಯಲ್ಲಿ ಜನ ಕಣ್ಣು, ಪ್ರಾಣ ಕಳೆದುಕೊಳ್ಳುವುದು ಮೆಥನಾಲ್ ಎಂಬ ವಿಷದ ಆಲ್ಕೋಹಾಲಿನಿಂದ.

ಮೊದಲ ಬಾಟಲಿ ಹುಳಿಯಾಗಿ ವಿನೆಗರ್ ವಾಸನೆ ಬಂದರೆ ಬೇಸರ ಬೇಡ. ಉಳ್ಳಾಗಡ್ಡಿ ಹೆಚ್ಚಿ ಅದರಲ್ಲಿ ನೆನೆಸಿ, ಜೋಳದ ರೊಟ್ಟಿಯ ಜೊತೆ ತಿನ್ನಿ. ನಮ್ಮ ಮನೆಯಲ್ಲಿ ಸೋಡಾಕ್ಕಿಂತ ಅದೇ ಬೇಗ ಖಾಲಿಯಾಗುತ್ತದೆ.